ಬೀಗದಜ್ಜನ ಬಾವಿ

ಫೆಬ್ರುವರಿ ೩

ಅಕ್ಕಾ,

ಇಲ್ಲಿ ಸ್ಟುಡಿಯೋ ಗೇಟಿನಲ್ಲೇ ಫೋನ್ ಇಸಿದುಕೊಂಡು ಚೀಟಿ ಕೊಡುತ್ತಾರೆ. ಧಾರಾವಾಹಿಯ ಮೂರನೆಯ ಭಾಗದ ಒಂದು ಮೊಳೆಯ ಚಿತ್ರವೂ ಹೊರಗೆ ಹೋಗಕೂಡದಂತೆ. ಭಾನುವಾರ ಹತ್ತು ನಿಮಿಷ ಫೋನ್ ವಾಪಸ್ ಸಿಗುತ್ತದೆ. ಆ ಹತ್ತರಲ್ಲಿ ಒಂಬತ್ತು ನಿಮಿಷ ನೀನು ‘ಹೂಂ’ ಅನ್ನುತ್ತೀಯ. ಅದಕ್ಕೇ ಕಾಗದ.

ಬಂದು ಐದು ತಿಂಗಳಾಯಿತು. ನಲವತ್ತೊಂದು ಬಾಗಿಲು ಮಾಡಿದ್ದೇನೆ. ಮೂವತ್ತರ ಹಿಂದೆ ಏನೂ ಇಲ್ಲ, ರೀಪಿನ ಆಸರೆ ಮತ್ತು ಗಾಳಿ. ಶೆಡ್ಡಿನಲ್ಲಿ ನಾವು ಹನ್ನೆರಡು ಜನ ಬಡಗಿಗಳು, ಒಬ್ಬ ಬಣ್ಣದವನು, ಎಲ್ಲರ ಮೇಲೆ ಮೇಸ್ತ್ರಿ. ಟೀ ಹೊತ್ತಿನಲ್ಲಿ ನಮ್ಮದು ಒಂದೇ ಜಗಳ: ‘ಒಂಬತ್ತು ನೆರಳಿನ ನಾಡು’ ಕಥೆಯಲ್ಲಿ ಯಾರಿಗೆ ಯಾರು ಇಷ್ಟ. ಬಣ್ಣದವನಿಗೆ ಎರಡು ತಲೆಯ ಗೂಬೆ. “ಒಂದು ತಲೆ ಮಲಗಿದ್ರೆ ಇನ್ನೊಂದು ಕೆಲಸ ಮಾಡುತ್ತೆ ಕಣ್ರೋ. ನಮ್ ಮೇಸ್ತ್ರಿಗೆ ಇರೋದು ಒಂದೇ, ಅದೂ ಮಲಗಿರುತ್ತೆ” ಅಂದ. ಮೇಸ್ತ್ರಿ ಹಿಂದೆಯೇ ನಿಂತಿದ್ದರು. “ನಿಂಗೆ ಒಂದೂ ಇಲ್ವಲ್ಲೋ, ಅದಕ್ಕೇನು ಮಾಡೋಣ” ಅಂದರು.

ನನ್ನದು ನಿನಗೆ ಗೊತ್ತೇ ಇದೆ. ಬೀಗದಜ್ಜ. ಸೊಂಟದಲ್ಲಿ ನೂರು ಕೀಲಿ, ನಾಲಿಗೆಯಲ್ಲಿ ಇನ್ನೂರು. ಇವರೆಲ್ಲ ಟೀವಿಯಲ್ಲಿ ಎರಡು ಭಾಗ ನೋಡಿದವರು. ಮೂಲ ಪುಸ್ತಕದ ಆರೂ ಸಂಪುಟ ಗೊತ್ತಿರುವವನು ನಾನೊಬ್ಬನೇ. ಅದಕ್ಕೆ ನನ್ನ ಹೆಸರೇ ಇಲ್ಲಿ ‘ಪುಸ್ತಕ’. ಏನೇ ಅನುಮಾನ ಬಂದರೂ “ಕರೀರೋ ಪುಸ್ತಕನ್ನ” ಅನ್ನುತ್ತಾರೆ. ಆರನ್ನೂ ನಿನ್ನ ಬಾಯಿಂದ ಕೇಳಿದವನು, ಒಂದನ್ನೂ ಕೈಯಲ್ಲಿ ಹಿಡಿದು ಓದಿದವನಲ್ಲ ಎಂಬುದನ್ನು ನಾನು ಹೇಳಿಲ್ಲ. ಯಾರೂ ಕೇಳಿಲ್ಲ ಕೂಡ.

ಇನ್ನೊಂದು ವಿಷಯ. ಮುಂದಿನ ವರ್ಷ ಮೇಸ್ತ್ರಿ ಬಿಡುತ್ತಾರೆ. ಆ ಜಾಗಕ್ಕೆ ನನ್ನ ಹೆಸರು ಹೇಳಿದ್ದಾರೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿನ್ನೆ ಹೊಸ ನಕ್ಷೆ ಬಂತು. ಮೂವತ್ತು ಅಡಿ ಬಾವಿ. ಮೂಲೆಯಲ್ಲಿ ಬರೆದಿದೆ: ‘ಬೀಗದಜ್ಜ ಹಾರುವುದು. ಪಾತ್ರದ ಕೊನೆಯ ದೃಶ್ಯ.’ ಕೊನೆಯದಂತೆ! ಬಾವಿಯಿಂದ ಹತ್ತಿ ಬಂದು, ಸೆರೆಮನೆಯ ಗೋಡೆ ಏರಿ, ಇಬ್ಬರು ರಾಜಕುಮಾರರನ್ನು ಬೆನ್ನ ಮೇಲೆ ಹೊತ್ತು ತರುವವರು ಯಾರು ಹಾಗಾದರೆ? ನಕ್ಷೆ ಮಾಡಿದವರು ಪುಸ್ತಕ ಓದಿಲ್ಲ. ಆ ಭಾಗ ಮೂರನೆಯ ಸಂಪುಟದ ಯಾವ ಪುಟದಲ್ಲಿದೆ ಬರೆದು ಕಳಿಸು. ಬೇಗ.

ಮೊಂಡ

*

ಫೆಬ್ರುವರಿ ೧೨

ಮೊಂಡಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಬೈಂಡಿಂಗ್ ಕೋಣೆಯ ಗೋಡೆಗೆ ತೇವ ಹತ್ತಿದೆ. ಮೇಜನ್ನು ಕಿಟಕಿಯ ಕಡೆಗೆ ಎಳೆದೆ, ಬೆಳಕು ಕಣ್ಣಿಗೆ ಹೊಡೆಯಿತು. ಮತ್ತೆ ಹಿಂದಕ್ಕೆ ಎಳೆದೆ. ಮೂರು ದಿನದಿಂದ ಇದೇ ನಡೆದಿದೆ. ಗ್ರಂಥಾಲಯದ ಸೂಪರಿಂಟೆಂಡೆಂಟ್ ಬಾಗಿಲಲ್ಲಿ ನಿಂತು, “ಏನ್ರೀ, ಮೇಜಿಗೆ ವ್ಯಾಯಾಮ ಮಾಡಿಸ್ತಿದೀರಾ?” ಎಂದರು.

ಈ ವಾರ ಬಂದ ಪುಸ್ತಕಗಳೆಲ್ಲ ನಡುವೆಯೇ ಬಿಟ್ಟುಕೊಂಡಿವೆ. ಓದುವವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಹೊಲಿಗೆ ಸೋಲುತ್ತದೆ ಎಂದು ಮೊದಲು ತಿಳಿದಿದ್ದೆ. ಈಗ ಅನಿಸುತ್ತದೆ, ಮತ್ತೆ ಮತ್ತೆ ಎಲ್ಲಿಗೆ ಹಿಂದಿರುಗುತ್ತಾರೋ ಅಲ್ಲಿ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ “ಅಂಟು ಜಾಸ್ತಿ ಹಚ್ಚಿ” ಎನ್ನುತ್ತಾರೆ.

ಮೇಸ್ತ್ರಿಯ ಜಾಗ ನಿನಗೆ ಸಿಗಲಿ. ಶೆಡ್ಡಿನಲ್ಲಿ ಕನ್ನಡಕ ಹಾಕಿಕೊಂಡೇ ಗರಗಸ ಮುಟ್ಟು. ಪ್ಲೈವುಡ್ಡಿನ ಪುಡಿ ಒಳ್ಳೆಯದಲ್ಲ.

ಪುಸ್ತಕ ಅಟ್ಟದ ಮೇಲೆಲ್ಲೋ ಇರಬೇಕು. ಹತ್ತಿ ನೋಡಬೇಕು. ಏಣಿ ಪಕ್ಕದ ಮನೆಯವರ ಹತ್ತಿರ ಇದೆ.

ಹೊಗೆರಾಣಿಯ ಪಾತ್ರ ಯಾರು ಮಾಡುತ್ತಿದ್ದಾರೆ? ಎತ್ತರದವಳಾ? ಅವಳ ಬಗ್ಗೆ ನೀನು ಒಂದಕ್ಷರ ಬರೆಯಲಿಲ್ಲ.

ಅಕ್ಕ

*

ಫೆಬ್ರುವರಿ ೧೮

ಅಕ್ಕಾ,

ನಾನು ಪುಟ ಕೇಳಿದರೆ ನೀನು ಏಣಿಯ ಕಥೆ ಹೇಳುತ್ತೀಯ. ಗೊತ್ತಾಯಿತು ಬಿಡು, ನಿನ್ನ ಹೊಗೆರಾಣಿಯನ್ನು ಕೇಳಲಿಲ್ಲ ಅಂತ ಕೋಪ. ಚಿಕ್ಕಂದಿನಿಂದಲೂ ಅಷ್ಟೆ. ಇಡೀ ನಾಡು ‘ಬೀಗದಜ್ಜ, ಬೀಗದಜ್ಜ’ ಅನ್ನುವಾಗ ನಿನಗೆ ಮಾತ್ರ ಆ ಕೇಡಿ ಹೆಂಗಸು ಬೇಕು. ಊರಿಗೆಲ್ಲ ಹೊಗೆ ಹಾಕುವವಳು. ಅವಳಲ್ಲಿ ಏನು ಕಂಡೆಯೋ, ದೇವರಿಗೇ ಗೊತ್ತು.

ಇಲ್ಲಿ ಆದದ್ದು ಕೇಳು. ಸ್ಕ್ರಿಪ್ಟ್ ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಬಾವಿಯ ನಕ್ಷೆ ಹಿಡಿದುಕೊಂಡು ಅವರ ಹತ್ತಿರ ಹೋದೆ.

“ಮೇಡಂ, ಇದು ತಪ್ಪು. ಬೀಗದಜ್ಜ ಸಾಯಲ್ಲ.”

“ಯಾರು ಹೇಳಿದ್ದು?”

“ಪುಸ್ತಕದಲ್ಲಿದೆ.”

ಅವರು ಮೇಜಿನ ಮೇಲಿದ್ದ ಮೂರನೆಯ ಸಂಪುಟ ತೆಗೆದು, ಬಣ್ಣದ ಚೀಟಿ ಅಂಟಿಸಿದ್ದ ಪುಟ ಬಿಡಿಸಿ ನನ್ನ ಮುಂದಿಟ್ಟರು. “ಓದಿ.”

ಓದಿದೆ. ನಿಧಾನವಾಗಿಯೇ ಓದಿದೆ, ನನ್ನ ಓದು ನಿನಗೆ ಗೊತ್ತಲ್ಲ. ‘ಬೀಗದಜ್ಜ ಕೀಲಿಗೊಂಚಲಿನ ಸಮೇತ ಬಾವಿಗೆ ಹಾರಿದ. ನೀರು ಒಮ್ಮೆ ಸದ್ದು ಮಾಡಿತು, ಆಮೇಲೆ ಸುಮ್ಮನಾಯಿತು.’ ಅಷ್ಟೆ! ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ. ಮುಂದಿನ ಅಧ್ಯಾಯದಲ್ಲಿ ಗೋಡೆ ಹತ್ತುವವಳು ಯಾರು ಗೊತ್ತಾ? ನಿನ್ನ ಹೊಗೆರಾಣಿ! ನಮ್ಮ ಅಜ್ಜನ ಕೆಲಸ ಕದ್ದು ಅವಳ ತಲೆಗೆ ಕಟ್ಟಿದ್ದಾರೆ.

ನನಗೆ ತಕ್ಷಣ ಹೊಳೆಯಿತು. “ಮೇಡಂ, ಇದು ಹೊಸ ಮುದ್ರಣ. ಕತ್ತರಿಸಿ ಕುಳ್ಳ ಮಾಡಿದ್ದಾರೆ. ನಮ್ಮ ಮನೇಲಿ ಹಳೇದು ಇದೆ, ಪೂರ್ತಿ ಇರೋದು” ಅಂದೆ. ಅವರು ನಕ್ಕರು. “ಇದೂ ಹಳೇದೇ ಕಣ್ರಿ. ಆಯ್ತು, ನಿಮ್ಮ ಪುಸ್ತಕ ತರಿಸಿ. ಆ ಪುಟ ಇದ್ರೆ ಡೈರೆಕ್ಟರ್ ಮುಂದೆ ನಾನೇ ಇಡ್ತೀನಿ.”

ಶೆಡ್ಡಿಗೆ ಬಂದು ಎಲ್ಲರ ಮುಂದೆ ಹೇಳಿದೆ, ಆ ಬಾವಿಗೆ ನಾನು ಮೊಳೆ ಹೊಡೆಯುವುದಿಲ್ಲ ಅಂತ. ಬಣ್ಣದವನು ಕುಂಚ ಕೆಳಗಿಟ್ಟ. “ಪುಸ್ತಕ ಹೇಳಿದ ಮೇಲೆ ಮುಗೀತು” ಅಂದ. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಏಣಿ ಇಸಿದುಕೋ. ಪುಸ್ತಕವನ್ನೇ ಕಳಿಸಿಬಿಡು.

ಮೊಂಡ

*

ಫೆಬ್ರುವರಿ ೨೪

ಮೊಂಡಾ,

ಅಟ್ಟ ನೋಡಿದೆ. ಮೂರನೆಯ ಸಂಪುಟ ಇಲ್ಲ. ಯಾರಿಗೋ ಓದಲು ಕೊಟ್ಟ ನೆನಪು.

ಬಾವಿ ಕಟ್ಟಿಬಿಡು. ಪ್ಲೈವುಡ್ಡಿನ ಬಾವಿ ತಾನೇ? ನಾನು ದಿನಾ ಎಂಥೆಂಥವೋ ಪುಸ್ತಕಗಳಿಗೆ ರಟ್ಟು ಹಾಕುತ್ತೇನೆ, ಒಳಗಿರುವುದನ್ನೆಲ್ಲ ಒಪ್ಪಿಕೊಂಡು ಹಾಕುವುದಿಲ್ಲ. ಅಷ್ಟು ಜನರನ್ನು ಒಂದು ಪುಟದ ಮೇಲೆ ಕೂರಿಸಬೇಡ.

ಅಕ್ಕ

*

ಮಾರ್ಚ್ ೧

ಅಕ್ಕಾ,

ಮೊದಲು ಅಟ್ಟದಲ್ಲಿದೆ ಅಂದೆ. ಈಗ ಯಾರಿಗೋ ಕೊಟ್ಟೆ ಅನ್ನುತ್ತೀಯ. ಗ್ರಂಥಾಲಯದ ಪುಸ್ತಕ ಒಂದು ದಿನ ತಡವಾಗಿ ಬಂದರೆ ಮುಖ ಗಂಟು ಹಾಕುವವಳು ನೀನು. ಯಾರಿಗೆ ಕೊಟ್ಟೆ ಅಂತ ಮರೆಯುತ್ತೀಯಾ? ನನ್ನ ಕಿವಿಗೆ ಹೂ ಇಡಬೇಡ.

ಇಲ್ಲಿ ಹನ್ನೊಂದು ದಿನದಿಂದ ಗರಗಸದ ಸದ್ದಿಲ್ಲ. ಹನ್ನೆರಡು ಜನ ಗಂಡಸರು ಕೆಲಸವಿಲ್ಲದೆ ಒಂದು ಶೆಡ್ಡಿನಲ್ಲಿ ಕೂತರೆ ಹೇಗಿರುತ್ತದೆ ನಿನಗೆ ಗೊತ್ತಿಲ್ಲ. ಒಬ್ಬ ಉಳಿಗಳನ್ನೆಲ್ಲ ಮಸೆದು ಮಸೆದು ಅರ್ಧ ಮಾಡಿದ. ಇನ್ನೊಬ್ಬ ತನ್ನ ಸ್ಟೂಲಿನ ಕಾಲು ಸಮ ಮಾಡಲು ಹೋಗಿ, ಒಂದೊಂದನ್ನೇ ಕತ್ತರಿಸುತ್ತ ಈಗ ನೆಲದ ಮೇಲೇ ಕೂತಿದ್ದಾನೆ. ನಾನು ಗೇಟಿನವರೆಗೆ ಹೋಗುತ್ತೇನೆ, ಬರುತ್ತೇನೆ. ಟಪಾಲು ತರುವವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ‘ಇಲ್ಲ’ ಅನ್ನುತ್ತಾನೆ.

ಇಪ್ಪತ್ತನೆಯ ತಾರೀಖಿನವರೆಗೆ ನೋಡುತ್ತಾರಂತೆ. ಆಮೇಲೆ ಬೇರೆ ಬಡಗಿಗಳು ಬರುತ್ತಾರೆ, ನಾವು ಹನ್ನೆರಡೂ ಜನ ಮನೆಗೆ. ಮೇಸ್ತ್ರಿ ಪಕ್ಕಕ್ಕೆ ಕರೆದು ಕೇಳಿದರು: “ಖಂಡಿತಾ ಇದೆಯೇನೋ ಆ ಪುಟ?” “ನಮ್ಮಕ್ಕ ಓದಿದ್ದು ಸಾರ್” ಅಂದೆ. “ನಿಮ್ಮಕ್ಕ ಓದಿದ್ದು. ನೀನು?” ಅಂದರು. ನಾನು ಟಪಾಲು ನೋಡಲು ಗೇಟಿನ ಕಡೆ ಹೊರಟೆ.

ನಿನಗೆ ಇದು ಪ್ಲೈವುಡ್ಡಿನ ಬಾವಿ. ನನಗೆ ಹಾಗಲ್ಲ. ಶಾಲೆಯಲ್ಲಿ ಅಕ್ಷರ ನನ್ನ ಕಣ್ಣ ಮುಂದೆ ಇರುವೆಯ ಹಾಗೆ ಹರಿದಾಡುತ್ತಿದ್ದಾಗ, ದಡ್ಡ ಅನ್ನದವರು ಇಬ್ಬರೇ: ನೀನು ಮತ್ತು ಬೀಗದಜ್ಜ. ಐದನೆಯ ಸಂಪುಟದಲ್ಲಿ ಆ ಮೂಕ ಹುಡುಗನಿಗೆ ಅವನು ಮರದ ಬೀಗ ಮಾಡುವುದನ್ನು ಕಲಿಸುತ್ತಾನಲ್ಲ, ಆ ಸಂಜೆಯೇ ನಾನು ಅಮ್ಮನ ಲಟ್ಟಣಿಗೆ ಕೊರೆದು ಏಟು ತಿಂದದ್ದು. ನಾನು ಬಡಗಿಯಾದದ್ದು ಆ ಪುಟದಿಂದ. ಅದೂ ಇಲ್ಲ ಅನ್ನಬೇಡ ಈಗ.

ಪುಸ್ತಕ ಕಳಿಸು.

*

ಮಾರ್ಚ್ ೫

ಮೊಂಡಾ,

ಪುಸ್ತಕ ಅಟ್ಟದಲ್ಲೂ ಇರಲಿಲ್ಲ, ಯಾರಿಗೂ ಕೊಟ್ಟೂ ಇಲ್ಲ. ನಿನ್ನ ಮೊದಲ ಕಾಗದ ಬಂದ ದಿನದಿಂದ ನನ್ನ ಮೇಜಿನ ಮೇಲಿದೆ. ನೂರ ಹನ್ನೆರಡನೆಯ ಪುಟದಲ್ಲಿ ಬೀಗದಜ್ಜ ಸಾಯುತ್ತಾನೆ. ನಿಮ್ಮ ಮೇಡಂ ಹತ್ತಿರ ಇರುವ ಪುಸ್ತಕವೂ ನಮ್ಮದೂ ಅಕ್ಷರಕ್ಕೆ ಅಕ್ಷರ ಒಂದೇ.

ಮೊದಲ ಎರಡು ಸಂಪುಟ ಓದಿದ್ದು ಅಪ್ಪ, ನಿನಗೆ ನೆನಪಿರಲಿಕ್ಕಿಲ್ಲ. ನಾನು ಪಕ್ಕದಲ್ಲಿ, ನೀನು ಅವರ ತೊಡೆಯ ಮೇಲೆ. ಬೀಗದಜ್ಜನ ಮಾತು ಬಂದಾಗ ಧ್ವನಿ ತಗ್ಗಿಸಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಓದುತ್ತಿದ್ದರು. ಮೂರನೆಯದನ್ನು ತಂದಿಟ್ಟಿದ್ದರು, ಬಿಡಿಸುವ ಮೊದಲೇ ತೀರಿಹೋದರು. ನಿನಗೆ ಐದು ತುಂಬಿರಲಿಲ್ಲ. ನನಗೆ ಹನ್ನೊಂದು. ಅಮ್ಮ ಕೆಲಸಕ್ಕೆ ಹೋಗತೊಡಗಿದಳು. ಒಂದು ಸಂಜೆ ನೀನು ಆ ಪುಸ್ತಕ ಎಳೆದು ತಂದು ನನ್ನ ಮಡಿಲಿಗೆ ಹಾಕಿ, “ಅಜ್ಜನ ಥರ ಓದು” ಅಂದೆ. ಓದಿದೆ. ಹದಿನೇಳನೆಯ ದಿನ ಆ ಪುಟ ಬಂತು.

ಕಣ್ಣು ಮುಂದಿನ ಸಾಲಿಗೆ ಹೋಗಿತ್ತು, ಬಾಯಿ ಇನ್ನೂ ಹಿಂದಿತ್ತು. ಆ ಒಂದು ಸಾಲಿನಷ್ಟು ಹೊತ್ತು ನನಗೆ ಸಿಕ್ಕಿತು. ನೀನು ನನ್ನ ಮುಖ ನೋಡುತ್ತಿದ್ದೆ. ಬೀಗದಜ್ಜನನ್ನು ಬಾವಿಯಿಂದ ಹತ್ತಿಸಿದೆ.

ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ನಾಲ್ಕು ಸಂಪುಟ ಹೊರಬೇಕಾಯಿತು. ಪುಸ್ತಕದಲ್ಲಿಲ್ಲದ ಮನುಷ್ಯನಿಗೆ ಕೆಲಸ ಎಲ್ಲಿಂದ ತರುವುದು? ಹೊಗೆರಾಣಿಯಿಂದ ಕಿತ್ತುಕೊಟ್ಟೆ. ಸೆರೆಮನೆಯ ಗೋಡೆ ಹತ್ತಿದವಳು ಅವಳು. ಮೂಕ ಹುಡುಗನಿಗೆ ಮರದ ಕೆಲಸ ಕಲಿಸಿದವಳೂ ಅವಳೇ. ಎಲ್ಲ ಒಳ್ಳೆಯದನ್ನೂ ತೆಗೆದ ಮೇಲೆ ಅವಳಲ್ಲಿ ಹೊಗೆ ಮಾತ್ರ ಉಳಿಯಿತು. ನಿನಗೆ ಓದಿ ಮುಗಿಸಿ, ನೀನು ನಿದ್ದೆ ಹೋದ ಮೇಲೆ ಅದೇ ಪುಟಗಳನ್ನು ನನ್ನಷ್ಟಕ್ಕೆ ಇದ್ದ ಹಾಗೆ ಓದಿಕೊಳ್ಳುತ್ತಿದ್ದೆ. ಅವಳು ನನಗೆ ಏಕೆ ಇಷ್ಟ ಎಂದು ನೀನು ಇಷ್ಟು ವರ್ಷ ಹಂಗಿಸಿದೆ. ಹೇಳುವ ಹಾಗಿರಲಿಲ್ಲ.

ಇದನ್ನು ಬರೆಯುವ ಮೊದಲು ಇನ್ನೊಂದು ಮಾಡಲು ಹೋಗಿದ್ದೆ. ಪುಸ್ತಕವನ್ನು ಹದಿನಾರು ಪುಟದ ಫಾರಂಗಳಾಗಿ ಮಡಿಸಿ ಹೊಲಿಯುತ್ತಾರೆ. ನೂರ ಹನ್ನೆರಡು ಏಳನೆಯ ಫಾರಂನ ಕೊನೆಯ ಪುಟ. ಅಲ್ಲಿ ದಾರ ಬಿಚ್ಚಿ ಎಂಟು ಪುಟ ಸೇರಿಸಿ ಹೊಲಿದರೆ ನನ್ನಂಥವಳು ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು. ಆ ಕಾಲದ ಕಾಗದ ನಮ್ಮಲ್ಲಿದೆ. ಆ ಅಚ್ಚಿನ ಮೊಳೆ ಜೋಡಿಸುವ ಮುದುಕರೊಬ್ಬರು ಇನ್ನೂ ಇದ್ದಾರೆ, ಎರಡು ಬೀದಿಯಾಚೆ. ಕಾಗದ ಕತ್ತರಿಸಿದೆ, ಮಡಿಸಿದೆ, ಹೊಲಿದೂ ಬಿಟ್ಟೆ. ಖಾಲಿ ಪುಟಗಳು ಎಷ್ಟು ಚೆನ್ನಾಗಿ ಕೂತವು ಎಂದರೆ ನನಗೇ ಹೆದರಿಕೆಯಾಯಿತು. ಆಮೇಲೆ ಮೇಜಿನ ಮುಂದೆ ನಾಲ್ಕು ಸಂಜೆ ಕೂತೆ. ಬೀಗದಜ್ಜನ ಬಾಯಿಂದ ಒಂದು ಸಾಲೂ ಹೊರಡಲಿಲ್ಲ.

ಬಾವಿ ಕಟ್ಟು. ಆ ಹನ್ನೆರಡು ಜನರಿಗೆ ಏನು ಹೇಳುತ್ತೀಯೋ ನನಗೆ ತೋಚುತ್ತಿಲ್ಲ.

ಅಕ್ಕ

*

ಮಾರ್ಚ್ ೯

ಅಕ್ಕಾ,

ಓದಿದೆ. ಇನ್ನೊಮ್ಮೆ ಓದಿದೆ. ಆಮೇಲೆ ನಗು ಬಂತು.

ನನ್ನ ಕೆಲಸ ಉಳಿಯಲಿ ಅಂತ ಎಷ್ಟು ದೂರ ಹೋಗುತ್ತೀಯ ನೀನು! ಸುಳ್ಳು ಹೇಳಲು ಬಾರದವರು ಹೇಳಿದರೆ ಹೀಗೇ, ಬೇಕಾದ್ದಕ್ಕಿಂತ ಉದ್ದ ಇರುತ್ತದೆ. ಫಾರಂ, ದಾರ, ಮುದುಕರು, ಎರಡು ಬೀದಿ!

ಬೀಗದಜ್ಜನನ್ನು ನೀನು ಮಾಡಿದೆಯಾ? ಬೇಜಾರು ಮಾಡಿಕೊಳ್ಳಬೇಡ, ಆದರೆ ಅಕ್ಕಾ, ನಿನಗೆ ಒಂದು ಜೋಕ್ ಹೇಳಲು ಬರುವುದಿಲ್ಲ. ಕೊನೆಯನ್ನು ಮೊದಲು ಹೇಳಿ, “ಇರು, ತಪ್ಪಿತು” ಅನ್ನುತ್ತೀಯ. ಫೋನಿನಲ್ಲಿ ಎರಡು ಮಾತು ಸೇರಿಸಿ ಆಡದವಳು ನಾಲ್ಕು ಸಂಪುಟ ಆ ಮನುಷ್ಯನನ್ನು ಮಾತಾಡಿಸಿದೆ ಅಂದರೆ ನಂಬಲಿಕ್ಕೆ ನಾನೇನು ಕಿವಿಗೆ ಹತ್ತಿ ಇಟ್ಟುಕೊಂಡು ಬೆಳೆದವನಾ? ಖಾಲಿ ಪುಟದ ಮುಂದೆ ಒಂದು ಸಾಲು ಹೊರಡಲಿಲ್ಲ ಎಂದು ನೀನೇ ಬರೆದಿದ್ದೀಯ. ಸಿಕ್ಕಿಬಿದ್ದೆ ನೋಡು.

ಅವನು ಮಾತಾಡಿದರೆ ನನಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಕೇಳಿದರೂ ಗೊತ್ತಾಗುತ್ತದೆ. ನೀನೇ ಮಾಡಿದವಳಾದರೆ ಮಾತಾಡಿಸು, ನೋಡೋಣ. ಒಂದು ಪುಟ ಸಾಕು. ಆಗದಿದ್ದರೆ ಪುಸ್ತಕ ಕಳಿಸು. ಇಪ್ಪತ್ತಕ್ಕೆ ಹನ್ನೊಂದೇ ದಿನ.

ಮೊಂಡ

*

ಮಾರ್ಚ್ ೧೩

ಮೊಂಡಾ,

ದಾರ ಬಿಚ್ಚಿ ಆ ಎಂಟು ಪುಟ ಹೊರತೆಗೆದೆ. ಎರಡರ ಮೇಲೆ ಬರೆದಿದ್ದೇನೆ. ಉಳಿದ ಆರು ಬೇಕಾಗಲಿಲ್ಲ.

‘ಬಾವಿಯ ಕಟ್ಟೆಯ ಮೇಲೆ ಬೀಗದಜ್ಜ ಕೂತ. ಕಿರಿಯ ರಾಜಕುಮಾರ ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದ. ಹೆಬ್ಬಾಗಿಲಲ್ಲಿ ಕುದುರೆಗಳ ಸದ್ದು.

“ಲೋ ಮರಿ, ಈ ಬಾವಿ ಎಷ್ಟು ಆಳ?”

“ಗೊತ್ತಿಲ್ಲ ಅಜ್ಜಾ.”

“ನಂಗೂ ಗೊತ್ತಿಲ್ಲ. ಇಳಿದು ನೋಡಿದೋರು ಯಾರೂ ವಾಪಸ್ ಬಂದು ಹೇಳ್ಲಿಲ್ಲ. ದೊಡ್ಡೋರಿಗೆ ಅಷ್ಟೂ ಮರ್ಯಾದೆ ಇಲ್ಲ ನೋಡು.”

“ನೀವು ಹೋಗಬೇಡಿ.”

“ಕೀಲಿ ಅವರ ಕೈಗೆ ಸಿಗಬಾರದಲ್ಲೋ. ಬಿಸಾಕೋಣ ಅಂದ್ರೆ ಇಪ್ಪತ್ತು ವರ್ಷ ಆಯ್ತು, ಗೊಂಚಲು ಸೊಂಟಕ್ಕೆ ಬೇರು ಬಿಟ್ಟಿದೆ. ನನ್ನ ಹೆಂಡತಿ ಹೇಳ್ತಿದ್ಲು, ‘ರೀ, ನಿಮ್ಮನ್ನ ಮಲಗಿಸೋಕೆ ಹೋದ್ರೆ ಕಬ್ಬಿಣದ ಅಂಗಡಿ ಮಲಗಿಸಿದ ಹಾಗಾಗುತ್ತೆ’ ಅಂತ.”

ಹುಡುಗ ನಗಲಿಲ್ಲ. “ನೀವು ಹೋದ್ರೆ ಬಾಗಿಲು ಯಾರು ತೆಗೀತಾರೆ?”

“ಯಾರಾದ್ರೂ ತೆಗೀತಾರೆ. ಬಾಗಿಲಿಗೆ ಕೀಲಿ ಗೊತ್ತು, ಕೈ ಗೊತ್ತಿರಲ್ಲ.”

“ಕೀಲಿಯೂ ನೀರಲ್ಲಿ ಮುಳುಗುತ್ತಲ್ಲ?”

“ಅಯ್ಯೋ, ಇಷ್ಟು ಬುದ್ಧಿ ಇದ್ದೋನಿಗೆ ಸುಳ್ಳು ಹೇಳೋದು ಕಷ್ಟ. ಹಾಗಾದ್ರೆ ನಿಜ ಕೇಳು. ಗೋಡೆ ಹತ್ತಿ ಒಬ್ಬಳು ಬರ್ತಾಳೆ. ಅವಳಿಗೆ ಕೀಲಿ ಬೇಡ. ಮೈಯೆಲ್ಲಾ ಹೊಗೆ ವಾಸನೆ ಇರುತ್ತೆ, ಹೆದರಿಕೋಬೇಡ. ಅವಳ ಬೆನ್ನ ಮೇಲೆ ಹತ್ತು. ಇಷ್ಟು ದಿನ ಅವಳ ಮೇಲೆ ಚಾಡಿ ಹೇಳಿದ್ದೆಲ್ಲ ನಾನೇ. ನನಗೂ ಹೊಟ್ಟೆಕಿಚ್ಚು ಇರಬಾರದೇನೋ? ಈಗ ಚುಂಗು ಬಿಡು. ಆ ಕಡೆ ತಿರುಗಿಕೋ. ನೂರರವರೆಗೂ ಎಣಿಸು.”

“ನನಗೆ ಮೂವತ್ತರವರೆಗೆ ಮಾತ್ರ ಬರುತ್ತೆ.”

“ಸಾಕು ಬಿಡು. ನನಗೆ ಅಷ್ಟೂ ಬೇಡ.”’

ಪುಸ್ತಕದ ಸಾಲು ಇಲ್ಲಿಂದ ಮುಂದಕ್ಕೆ ಹೊಂದುತ್ತದೆ. ಅದನ್ನು ಬದಲಿಸಿಲ್ಲ.

ಅಕ್ಕ

*

ಏಪ್ರಿಲ್ ೬

ಅಕ್ಕಾ,

ಇಷ್ಟು ದಿನ ಏಕೆ ಬರೆಯಲಿಲ್ಲ ಎಂದು ಕೇಳಬೇಡ. ನಿನ್ನ ಕಾಗದ ಗೇಟಿನಲ್ಲೇ ನಿಂತು ಒಡೆದೆ. ‘ಲೋ ಮರಿ’ ಅನ್ನುವಷ್ಟರಲ್ಲಿ ಗೊತ್ತಾಯಿತು. ಶೆಡ್ಡಿಗೆ ವಾಪಸ್ ಬರುವ ದಾರಿ ಅವತ್ತು ಎಷ್ಟು ಉದ್ದವಿತ್ತೆಂದರೆ ನಡುವೆ ಎರಡು ಕಡೆ ಕೂತೆ.

ಟೀ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾನೇ ಓದಿದೆ. ತಡವರಿಸಿದೆ, ಆದರೂ ಓದಿದೆ. ಬಣ್ಣದವನು, “ಅಜ್ಜನೇ ಕಣೋ! ಇದೇ ತಾನೇ ಆ ಪುಟ?” ಅಂದ. ಸುಮ್ಮನೆ ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. “ಅಲ್ಲ. ಇದು ಪುಸ್ತಕದಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಪುಸ್ತಕ ಓದೇ ಇಲ್ಲ, ನಮ್ಮಕ್ಕ ಓದಿದ್ದು ಕೇಳಿದ್ದು” ಅಂದೆ.

ಸ್ಟೂಲು ಕತ್ತರಿಸಿದವನು ನೆಲದ ಮೇಲಿಂದ, “ಹಾಗಾದ್ರೆ ಇಪ್ಪತ್ತೈದು ದಿನ ನಾವು ಯಾತಕ್ಕೆ ಕೂತಿದ್ವಿ?” ಎಂದು ಕೇಳಿದ. ನಾನು ಗರಗಸ ಎತ್ತಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಇನ್ನೊಂದು ಗರಗಸದ ಸದ್ದು ಕೇಳಿತು. ಈಗ ನನ್ನನ್ನು ‘ಪುಸ್ತಕ’ ಅನ್ನುವುದಿಲ್ಲ. ‘ರೇಡಿಯೋ’ ಅನ್ನುತ್ತಾರೆ.

ಬಾವಿ ಮಾರ್ಚ್ ಹತ್ತೊಂಬತ್ತನೆಯ ತಾರೀಖು ಮುಗಿಯಿತು. ಒಳ್ಳೆಯ ಬಾವಿ. ಅಜ್ಜನ ವೇಷದವರು ಒಂದೇ ಸಲಕ್ಕೆ ಹಾರಿದರು; ಕೆಳಗೆ ಹಾಸಿಗೆ ಇತ್ತು. ಮೇಸ್ತ್ರಿಯ ಜಾಗ ಇನ್ನೊಬ್ಬನಿಗೆ ಹೋಯಿತು. ತಪ್ಪೇನಿಲ್ಲ. ನಿನ್ನ ರಾಣಿಯ ಗೋಡೆಯೂ ನನ್ನ ಕೈಯಲ್ಲೇ ಆದದ್ದು. ಅವಳು ಹತ್ತುವ ದಿನ ನಿಂತು ನೋಡಿದೆ. ಎತ್ತರದವಳಲ್ಲ, ಕುಳ್ಳಿ. ಎರಡು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಏಳು ಸಲ ಹತ್ತಿದಳು, ಒಮ್ಮೆಯೂ ಅಬ್ಬಾ ಅನ್ನಲಿಲ್ಲ. ನಾನು ಇನ್ನು ಹಂಗಿಸುವುದಿಲ್ಲ.

ಈಗ ನಿಜವಾದ ವಿಷಯ. ನನಗೆ ಅಪ್ಪನ ಮುಖ ನೆನಪಿಲ್ಲ. ಫೋಟೋ ನೋಡಿದರೆ ಯಾರೋ ಅನಿಸುತ್ತದೆ. ಯಾರಾದರೂ ಅಪ್ಪ ಅಂದರೆ ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಅಜ್ಜನ ಧ್ವನಿಯಲ್ಲಿ ಮೊದಲು ಓದಿದವರು ಅವರು ಅಂದೆಯಲ್ಲ, ಈಗ ಗೊತ್ತಾಯಿತು, ಅವರು ಎಲ್ಲಿಗೂ ಹೋಗಿರಲಿಲ್ಲ. ನಾಲ್ಕು ಸಂಪುಟ ಬೀಗದಜ್ಜನ ಬಾಯಲ್ಲಿ ಮಾತಾಡಿದ್ದು ಅಪ್ಪ. ಕೈ ನಿನ್ನದು, ಮಾತು ಅವರದು. ನೀನು ಅಷ್ಟು ಮಾತು ಜೋಪಾನವಾಗಿ ಇಟ್ಟುಕೊಂಡು ನನಗೆ ಕೊಟ್ಟೆಯಲ್ಲ ಅಕ್ಕಾ.

ಒಳ್ಳೆಯ ತೇಗದ ತುಂಡೊಂದು ಉಳಿದಿತ್ತು. ‘ಬಾಗಿಲಿಗೆ ಕೀಲಿ ಗೊತ್ತು, ಕೈ ಗೊತ್ತಿರಲ್ಲ’ ಎಂದು ಕೆತ್ತಿ, ಕೆಳಗೆ ‘ನಮ್ಮಪ್ಪ’ ಎಂದು ಹಾಕಿ ಶೆಡ್ಡಿನ ಬಾಗಿಲ ಮೇಲೆ ಹೊಡೆದಿದ್ದೇನೆ. ಬಂದವರೆಲ್ಲ ಓದಿ, “ನಿಮ್ಮಪ್ಪ ಭಾರೀ ಮನುಷ್ಯ ಕಣಯ್ಯ” ಅನ್ನುತ್ತಾರೆ. ಬೇರೆ ಯಾವ ಯಾವ ಮಾತು ಅಪ್ಪನವು, ಒಂದೂ ಬಿಡದೆ ಬರೆದು ಕಳಿಸು. ಎಲ್ಲವನ್ನೂ ಕೆತ್ತುತ್ತೇನೆ.

ಮೊಂಡ

*

ಏಪ್ರಿಲ್ ೧೪

ಮೊಂಡಾ,

ಅಪ್ಪನ ಮಾತೆಂದು ಒಂದು ಪಟ್ಟಿ ಮಾಡಿ ಕಳಿಸಬಹುದಿತ್ತು. ಮಾಡಿಯೂ ಇದ್ದೆ, ಎರಡು ಪುಟ. ಲಕೋಟೆಗೆ ಅಂಟು ಹಚ್ಚುವವರೆಗೂ ಕಳಿಸುತ್ತೇನೆಂದೇ ಇದ್ದೆ. ಆಮೇಲೆ ಬೀದಿಯ ಕೊನೆಯವರೆಗೆ ಹೋಗಿ ವಾಪಸ್ ಬಂದು ಹರಿದೆ.

ಅಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ. ಓದುವಾಗ ಮಾತ್ರ ಅವರ ಧ್ವನಿ ಕೇಳುತ್ತಿತ್ತು. ಅದು ಪುಸ್ತಕದ ಮಾತು. ಅವರದೇ ಎನ್ನುವಂಥದ್ದು ನನಗೆ ನೆನಪಿದ್ದದ್ದು ಮೂರು. ‘ನೋಡೋಣ.’ ‘ಆಯ್ತು, ಮಲಗಿ.’ ಟೀ ಬಿಸಿಯಿದ್ದರೆ, ‘ಅಬ್ಬಬ್ಬಾ, ನಾಲಿಗೆ ಹೋಯ್ತು.’ ಮೂರನ್ನೂ ಬೀಗದಜ್ಜನ ಬಾಯಿಗೆ ಹಾಕಿದೆ. ಬಾವಿಯಿಂದ ಹತ್ತಿದ ಮೊದಲ ವಾರಕ್ಕೇ ಮುಗಿದುಹೋದವು. ನೀನು “ಆಮೇಲೆ?” ಅಂದೆ. ಆಮೇಲೆ ಮಾತಾಡಲು ಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಹಲಗೆ ಇರಲಿ. ಕೆಳಗಿನ ಹೆಸರನ್ನು ಕೀಸಿ ತೆಗೆದು ‘ನಮ್ಮಕ್ಕ’ ಎಂದು ಕೆತ್ತು. ಅಕ್ಷರದ ಅಳತೆ ಅಷ್ಟೇ ಇರಲಿ.

ಅಕ್ಕ